ಒಳಗೆ ಏನೂ ಇಲ್ಲದ ಗೌಪ್ಯ

ಮೂರು ಅಡಿ ಅಗಲ, ನನ್ನ ಗೋಡೆಯ ಗುಂಟ ಅವರ ಹಿತ್ತಲ ಬಾಗಿಲಿನತನಕ ಉದ್ದ. ‘ಗೌಪ್ಯ’ ಎಂಬ ಒಂದು ಶಬ್ದದ ಅರ್ಥ ಪೂರ್ತಿ ತಿಳಿಯಲು ನಾನು ಬಿಟ್ಟುಕೊಟ್ಟ ಜಾಗ ಅಷ್ಟು. ಜಮಖಂಡಿಯಲ್ಲಿ ಊರೊಳಗಿನ ಜಾಗದ ರೇಟು ಈಗ ಎಲ್ಲಿಗೆ ಹೋಗಿದೆ ಎಂಬುದು ಕೊಳ್ಳಲು ಹೋದವರಿಗೆ ಗೊತ್ತು. ಆದರೂ ಜಾಗ ಹೋದದ್ದಕ್ಕೆ ನನಗೆ ಹೊಟ್ಟೆಯುರಿ ಇಲ್ಲ. ವ್ಯಾಪಾರದಲ್ಲಿ ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಅದರ ಜೊತೆಗೆ ನನ್ನ ಮಗಳಿಗೆ ಕೂಡಿಬಂದಿದ್ದ ಸಂಬಂಧವೂ ಹೋಯಿತು. ಅದು ಮರಳಿ ಬರುವ ಮಾಲಲ್ಲ. ಒಂದು ಮಾತನ್ನು ಕೊಂಡೆ; ಕೊಂಡವನು ನಾನು, ಮಾರಿದವರು ನಮ್ಮ ಪಕ್ಕದ ಮನೆಯ ಸರ. ಹೋದ ತಿಂಗಳು ಅವರು ತೀರಿಕೊಂಡರು.

ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಎರಡನ್ನೂ ಕಲಿಸಿ ನಿವೃತ್ತರಾದವರು. ಹೆಸರು ಬರೆಯುವುದಿಲ್ಲ, ಓಣಿಯಲ್ಲಿ ಸರ ಎಂದರೆ ಅವರೊಬ್ಬರೇ. ಮಣ್ಣಿಗೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು: “ಇಡೀ ಜನ್ಮದಾಗ ಒಬ್ಬರ ಬಗ್ಗೆ ಒಂದು ಕೆಟ್ಟ ಮಾತು ಆಡಿದವರಲ್ಲ ನೋಡ್ರಿ.” ಖರೆ. ಒಂದು ಒಳ್ಳೆಯ ಮಾತನ್ನೂ ಆಡಿದವರಲ್ಲ, ಅದನ್ನು ಯಾರೂ ನೆನೆಸಲಿಲ್ಲ. ಒಂದೇ ಒಂದು ಸಲ ಆಡಿದರು. ಅದು ನನ್ನ ಮಗಳ ಬಗ್ಗೆ, ನಾನು ಕೊಂಡ ಮಾತು.

ನಾನು ಓದಿದ್ದು ಏಳನೆಯ ಇಯತ್ತೆ. ಮೊದಲು ಎತ್ತಿನ ದಲಾಲಿ ಮಾಡಿದೆ. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದ ಮೇಲೆ ಹಳೆಯ ಟ್ರ್ಯಾಕ್ಟರ್, ಕಬ್ಬಿನ ಟ್ರೇಲರ್ ಕೊಂಡು ಮಾರುವ ಧಂದೆಗೆ ಬಿದ್ದೆ. ಮಹಾಲಿಂಗಪುರದ ರಸ್ತೆಗೆ ನನ್ನ ಅಂಗಳ ಇದೆ, ಅಲ್ಲಿ ನಿಂತ ಗಾಡಿಗಳನ್ನು ನೋಡಿದರೆ ನನ್ನ ಕಥೆ ನಿಮಗೆ ತಿಳಿಯುತ್ತದೆ. ಆದರೂ ಸರ ನನ್ನನ್ನು ಕೊನೆತನಕ “ಏನಪಾ ದಲಾಲಿ” ಎಂದೇ ಕರೆದರು. ಅದರಲ್ಲಿ ಬೈಗುಳವಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಎದುರಿನ ಮನುಷ್ಯ ಯಾವ ಬೆಂಚಿನವನು ಎಂದು ಗುರುತು ಹಾಕಿ ಕೂರಿಸುವ ಮಾಸ್ತರಿಕೆ ಅಷ್ಟೇ.

ಅವರ ರೀತಿಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸಂತೆಯಿಂದ ಬದನೇಕಾಯಿ ತಂದರೂ ಚೀಲದ ಬಾಯಿ ಮಡಚಿ, ಅದರ ಮೇಲೆ ಹೆಗಲ ವಲ್ಲಿ ಹೊದಿಸಿ ತರುತ್ತಿದ್ದರು. ಒಮ್ಮೆ ನಮ್ಮ ಮನೆಯಾಕಿ ಅಂಗಳ ಕಸ ಹೊಡೆಯುತ್ತಿದ್ದವಳು ಸುಮ್ಮನೆ ರೂಢಿಯ ಮಾತಿಗೆ ಕೇಳಿದಳು: “ಸರ, ಊಟ ಆತೇನ್ರಿ?”

ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ ಅವರು ಕನ್ನಡಕ ತೆಗೆದರು. ಧೋತರದ ತುದಿಯಿಂದ ಒರೆಸಿದರು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಮತ್ತೆ ಏರಿಸಿಕೊಂಡರು. “ಅದಿರ್ಲಿ ಬಿಡವಾ” ಎಂದರು.

ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು: “ಜ್ವಾಳದ ರೊಟ್ಟಿ, ಪುಂಡಿಪಲ್ಲೆ ಉಂಡಾರ ತಂಗಿ. ಇವರ ಹೊಟ್ಯಾಗ ಹೋದ ಮ್ಯಾಲ ಅದೂ ಗೌಪ್ಯ.”

ಆ ತಾಯಿ ಸರಗಿಂತ ಮೊದಲೇ ಹೋದರು. ಹೋಗುವಾಗ ಏನು ಜಡ್ಡು ಎಂದು ಓಣಿಗೆ ತಿಳಿಯಲಿಲ್ಲ. ಸಕ್ಕರೆ ಕಾಯಿಲೆ, ಮತ್ತೇನಿಲ್ಲ. ಊರಿನ ಅರ್ಧ ಜನಕ್ಕೆ ಇರುವಂಥದ್ದೇ. ಸರ ಬಾಯಿ ಬಿಡಲಿಲ್ಲ, ಓಣಿಯ ಜನ ತಮಗೆ ತೋಚಿದ ದೊಡ್ಡ ದೊಡ್ಡ ಜಡ್ಡುಗಳನ್ನೆಲ್ಲ ಆ ತಾಯಿಗೆ ಹಚ್ಚಿ ಕಳಿಸಿದರು.

ಆ ಕನ್ನಡಕ ಒರೆಸುವುದೇ ಅವರ ಆಸ್ತಿ. ಅದನ್ನು ಒರೆಸಿದರೆಂದರೆ, ನನಗೆ ಗೊತ್ತಿದೆ ಆದರೆ ಹೇಳುವುದಿಲ್ಲ ಎಂದರ್ಥ. ಹಾಗೆಂದು ಓಣಿಯೇ ಅರ್ಥ ಮಾಡಿಕೊಂಡಿತ್ತು. ನಮ್ಮ ಕಡೆ ಸಂಬಂಧ ಕೂಡಿಸುವ ಮೊದಲು ಗಂಡಿನವರು ಹೆಣ್ಣಿನ ಓಣಿಗೆ ಬಂದು ನಾಲ್ಕು ಜನರನ್ನು ವಿಚಾರಿಸಿ ಹೋಗುವ ಪದ್ಧತಿ ಇದೆ. ಕಟ್ಟೆಯ ಮೇಲೆ ಕೂತ ಹಿರಿಯರು, ಅದರಲ್ಲೂ ಸಾಲಿ ಕಲಿಸಿದವರು, ಮೊದಲು ಕಣ್ಣಿಗೆ ಬೀಳುತ್ತಾರೆ. ಸರನ್ನು ಕೇಳದೆ ನಮ್ಮ ಓಣಿಯಿಂದ ಒಂದು ಹೆಣ್ಣೂ ಹೊರಗೆ ಹೋಗಿಲ್ಲ. ಕೇಳಿದವರಿಗೆಲ್ಲ ಅವರು ಕನ್ನಡಕ ಒರೆಸಿ, “ಮಂದಿ ಮನಿ ವಿಷಯ ನನ್ನ ಬಾಯಿಂದ ಬ್ಯಾಡ್ರಿ” ಎನ್ನುತ್ತಿದ್ದರು. ಕೆಲವರು ದೊಡ್ಡ ಮನುಷ್ಯ ಎಂದು ಕೈಮುಗಿದು ಹೋಗಿ ಸಂಬಂಧ ಕೂಡಿಸಿದರು. ಕೆಲವರು ಅಲ್ಲಿಂದಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಹೋದವರ ಲೆಕ್ಕ ಸರ ಇಡಲಿಲ್ಲ. ತಾವು ಏನೂ ಅಂದಿಲ್ಲವಲ್ಲ.

ಈ ಶಬ್ದದ ಮೂಲವನ್ನು ಅವರೇ ಒಮ್ಮೆ ನನಗೆ ಹೇಳಿದರು. ಬೆಳಗಿನ ಹೊತ್ತು, ಕಟ್ಟೆಯ ಮೇಲೆ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತ ಕೂತಿದ್ದರು. ನಾನು ಲೋಕಾಪುರದ ಕಡೆ ಒಂದು ಟ್ರ್ಯಾಕ್ಟರ್ ನೋಡಲು ಹೊರಟಿದ್ದೆ.

“ಏನಪಾ ದಲಾಲಿ, ಎತ್ತ ಹೊಂಟಿ?”

“ಅದು ಗೌಪ್ಯ ಐತ್ರಿ ಸರ” ಎಂದೆ, ಅವರ ಮಾತನ್ನೇ ಅವರಿಗೆ ತಿರುಗಿಸಿ.

ಅವರು ನಗಲಿಲ್ಲ. ಪಾಠ ಶುರು ಮಾಡಿದರು. “ಆ ಶಬ್ದ ಎಲ್ಲಿಂದ ಬಂತು ಗೊತ್ತೈತೇನು? ನಿನ್ನ ಧಂದೇದಿಂದ ಬಂದೈತಿ. ಗೋ ಅಂದ್ರ ದನ. ದನ ಕಾಯಾಂವ ಗೋಪ. ಗೋಪನಂಗ ಕಾಯೂದಕ್ಕ ಹಳೇ ಕಾಲದಾಗ ಗೋಪಾಯ ಅಂದ್ರು. ಅದನ್ನ ಸವೆಸಿ ಸವೆಸಿ ಗುಪ್ ಅಂತ ಒಂದು ಧಾತು ಆತು. ಅದರಿಂದ ಗುಪ್ತ, ಗೋಪ್ಯ, ಗೌಪ್ಯ. ರಾಜರ ಹೆಸರಿನ ಕಡೀಕ ಗುಪ್ತ ಅಂತ ಬರ್ತೈತಲ್ಲ, ಅದಕ್ಕ ಕದ್ದು ಮುಚ್ಚಿಟ್ಟಾಂವ ಅಂತ ಅರ್ಥ ಅಲ್ಲ. ಕಾಪಾಡಲ್ಪಟ್ಟಾಂವ ಅಂತ.”

ನನಗೆ ಮಾತು ಹಿಡಿಸಿತು. ಆದರೆ ನಾನು ಎತ್ತು ಕಂಡವನು. “ದನ ಕಾಯೂದಂದ್ರ ಬಯಲಿಗೆ ಬಿಟ್ಟು ಕಾಯೂದಲ್ರಿ ಸರ? ಊರಿಗೆಲ್ಲ ಕಾಣತಾವ. ಮುಚ್ಚಿಟ್ರ ಮೇವಿಲ್ಲದ ಸಾಯ್ತಾವ. ಕಾಯೂದು ಹೋಗಿ ಮುಚ್ಚಿಡೂದು ಯಾವಾಗ ಆತು?”

“ಬೆಲೆ ಇದ್ದದ್ದನ್ನ ಕಾಯ್ಬೇಕಂದ್ರ ಮಂದಿ ಕಣ್ಣಿಂದ ಮರೆ ಮಾಡಬೇಕಾಗ್ತೈತಿ. ಹಂಗ ಆತು.”

“ನಾವು ಗುಟ್ಟು ಅಂತೀವ್ರಿ. ಅದು?”

“ಗುಟ್ಟು ನಿಮ್ಮ ಮಾತು. ಗುಟ್ಟು ರಟ್ಟಾಗ್ತೈತಿ. ಗೌಪ್ಯ ರಟ್ಟಾಗಂಗಿಲ್ಲ.”

ಅಂದು ನಾನು ತಲೆದೂಗಿ ಹೋದೆ. ಆಮೇಲೆ ಯೋಚಿಸಿದಾಗ ತಿಳಿಯಿತು, ಅದು ಯಾಕೆ ರಟ್ಟಾಗುವುದಿಲ್ಲ ಎಂದು. ಗುಟ್ಟು ಎನ್ನಬೇಕಾದರೆ ಒಳಗೆ ಏನಾದರೂ ಇರಬೇಕು: ಓಡಿಹೋದ ಮಗ, ಅಡವಿಟ್ಟ ಬಂಗಾರ, ಕುಡಿಯುವ ಅಳಿಯ. ಗೌಪ್ಯಕ್ಕೆ ಒಳಗೆ ಏನೂ ಬೇಕಾಗಿಲ್ಲ. ಖಾಲಿ ಪೆಟ್ಟಿಗೆಗೆ ಕೀಲಿ ಹಾಕಿ ಕಟ್ಟೆಯ ಮೇಲೆ ಇಟ್ಟರೆ ಸಾಕು, ಹಾದುಹೋಗುವವರೇ ಅದರೊಳಗೆ ಒಂದೊಂದು ಹೆಣ ಹಾಕಿ ಹೋಗುತ್ತಾರೆ.

ನನ್ನ ಮಗಳು ಅಕ್ಷತಾ ಅವರ ಕೈಯಲ್ಲಿ ಕಲಿತವಳು. ಅವಳು ಹೇಳಿದ ಒಂದು ಸಂಗತಿ ಇದೆ. ಇವಳ ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಕೈಗಡಿಯಾರ ಕಾಣೆಯಾಯಿತು. ಸರ ಎಲ್ಲರ ಚೀಲ ನೋಡಲಿಲ್ಲ, ಯಾರನ್ನೂ ಬೈಯಲಿಲ್ಲ. ಮೇಜಿನ ಮುಂದೆ ನಿಂತು ಹೇಳಿದರಂತೆ: “ಈ ಖೋಲ್ಯಾಗ ಕಳ್ಳರು ಒಬ್ಬರ ಅದಾರ. ಯಾರು ಅನ್ನೂದು ಗೌಪ್ಯ. ಅವರ ಮಾನ ನಾನು ಕಳಿಯಂಗಿಲ್ಲ.” ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರ ಕಣ್ಣು ಹಿಂದಿನ ಬೆಂಚಿನಲ್ಲಿ ಕೂತ, ಕುರಿ ಸಾಕುವ ಮನೆಯ ಹುಡುಗಿಯ ಮೇಲೆ ನಿಂತಿತು. ಅವಳ ಬಟ್ಟೆ ಎಲ್ಲರಿಗಿಂತ ಹಳೆಯದಾಗಿತ್ತು, ಬೇರೆ ಪುರಾವೆ ಬೇಕಾಗಲಿಲ್ಲ. ಬೀರದೇವರ ಆಣೆ ಮಾಡಿದಳಂತೆ. ಸರ “ನಿನ್ನ ಹೆಸರು ನಾ ತಗೊಂಡೇನೇನವಾ?” ಎಂದರಂತೆ. ದೀಪಾವಳಿ ಸೂಟಿ ಮುಗಿದ ಮೇಲೆ ಅವಳು ಸಾಲಿಗೆ ಬರಲಿಲ್ಲ. ಗಡಿಯಾರ ಅದನ್ನು ಕಳೆದುಕೊಂಡ ಹುಡುಗಿಯ ಮನೆಯಲ್ಲೇ, ನೀರಿನ ಮೋಟರಿನ ಪೆಟ್ಟಿಗೆಯ ಮೇಲೆ ಸಿಕ್ಕಿತು. ಸರ ಅದನ್ನೂ ಕ್ಲಾಸಿನಲ್ಲಿ ಹೇಳಲಿಲ್ಲ.

“ಸರಗ ಯಾರು ಕಳ್ಳರು ಅಂತ ಗೊತ್ತಿತ್ತೇನು?” ಎಂದು ಕೇಳಿದೆ.

“ಕಳ್ಳರ ಇದ್ದಿಲ್ಲಲ್ಲಪ್ಪಾ” ಎಂದಳು ಅಕ್ಷತಾ.

ಇಷ್ಟು ತಿಳಿದವಳಿಗೇ ಅದೇ ಕಲ್ಲು ಬಡಿಯಿತು.

ಅಕ್ಷತಾ ಮುಧೋಳದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಲೋಕಾಪುರದಿಂದ ಒಂದು ಸಂಬಂಧ ಬಂತು. ಹುಡುಗನದು ಹನಿ ನೀರಾವರಿಯ ಪೈಪು ಮಾರುವ ಅಂಗಡಿ, ತನ್ನ ಕೈಯಿಂದಲೇ ಎಬ್ಬಿಸಿದ್ದು. ನಾನು ಹುಡುಗನ ಮನೆಗಿಂತ ಮೊದಲು ಅವನ ಅಂಗಡಿ ನೋಡಿದೆ. ಉದ್ರಿ ಕೇಳಲು ಬಂದವನನ್ನು ನಗುತ್ತಲೇ ಹೊರಗೆ ಕಳಿಸಿದ. ಅಷ್ಟು ಸಾಕು ಎನ್ನಿಸಿತು. ಕನ್ಯಾ ನೋಡುವುದಾಯಿತು. ಹುಡುಗ ಹುಡುಗಿ ಮಾತಾಡಿದರು, ಆಮೇಲೆ ಫೋನಿನಲ್ಲೂ ಮಾತಾಡಿದರು. ಅಕ್ಷತಾ ಯಾವುದನ್ನೂ ಬಾಯಿಬಿಟ್ಟು ಬೇಕು ಎನ್ನುವವಳಲ್ಲ. ಈ ಸಲ ತಾನಾಗಿ ಬಂದು, “ಇದು ಆಗ್ಲಪ್ಪಾ” ಎಂದಳು. ತಂದೆಯಾದವನಿಗೆ ಅದಕ್ಕಿಂತ ದೊಡ್ಡ ಮಾತಿಲ್ಲ.

ನಿಶ್ಚಯದ ದಿನ ಹಿಡಿಯುವ ಮೊದಲು ಹುಡುಗನ ಕಾಕಾ ವಿಚಾರಿಸಲು ನಮ್ಮ ಓಣಿಗೆ ಬಂದ. ಬರಲಿ, ಬರಬೇಕಾದದ್ದೇ. ನಾನಾದರೂ ಎಂಜಿನ್ ಬಿಚ್ಚಿಸದೆ ಗಾಡಿ ಕೊಳ್ಳುವುದಿಲ್ಲ. ಕಿರಾಣಿ ಅಂಗಡಿಯವ ಛಲೋ ಹೇಳಿದ, ಗಿರಣಿಯವ ಛಲೋ ಹೇಳಿದ. ಕೊನೆಗೆ ಕಾಕಾ ಕಟ್ಟೆಗೆ ಬಂದ. ಸರ ಕನ್ನಡಕ ಒರೆಸಿದರು. ಬೇರೆಯವರಿಗೆ ಹೇಳುವಷ್ಟೇ ಹೇಳಿ ಬಿಟ್ಟಿದ್ದರೆ ಒಂದು ರೀತಿ. ತಮ್ಮ ವಿದ್ಯಾರ್ಥಿನಿ ಎಂಬ ಅಭಿಮಾನಕ್ಕೋ ಏನೋ, ಒಂದು ಶಬ್ದ ಹೆಚ್ಚಿಗೆ ಸೇರಿಸಿದರು: “ಆ ಹುಡುಗಿ ವಿಷಯ ಗೌಪ್ಯ. ನನ್ನ ಬಾಯಿಂದ ಬ್ಯಾಡ್ರಿ.”

ಲೋಕಾಪುರದಿಂದ ಬರುತ್ತಿದ್ದ ಫೋನುಗಳು ನಿಂತವು. ನಿಶ್ಚಯದ ದಿನ ಕೇಳಿದರೆ, “ನೋಡೂಣ್ರಿ, ಕಬ್ಬು ಕಟಾವ ನಡದೈತಿ” ಎಂದರು. ಹುಡುಗ ಮಾತ್ರ ಅಕ್ಷತಾಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಬಂದು ನನ್ನ ಮುಂದೆ ಕೂತಳು.

“ಅಪ್ಪಾ, ಸರ ಹಿಂಗ ಅಂದಾರಂತ. ಅವರ ಮನ್ಯಾಗ ಗುಸುಗುಸು ನಡದೈತಿ. ಆದ್ರ ಹುಡುಗ ಹಟ ಹಿಡದಾನ. ಎರಡು ವಾರ ತಡಿ, ನಾ ಮನಿಯವರನ್ನ ಒಪ್ಪಸ್ತೇನಿ ಅಂದಾನ. ನೀ ನಡುವ ಹೋಗಬ್ಯಾಡ.”

“ನಾ ಏನ್ ಮಾಡ್ಲಿ ಮತ್ತ?”

“ಏನೂ ಮಾಡಬ್ಯಾಡ. ಸುಮ್ಮನಿರು.”

ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಸುಮ್ಮನಿರುವುದು ಬರುವುದಿಲ್ಲ. ಸೌದಾ ಸಡಿಲಾಗುತ್ತಿರುವಾಗ ಕೂತವನು ಕೆಟ್ಟ ಎಂದೇ ನಾನು ಕಲಿತದ್ದು. ಮರುದಿನ ಸರ ಕಟ್ಟೆಗೆ ಬರುವುದನ್ನೇ ಕಾಯ್ದು ಹೋದೆ.

“ಸರ, ಲೋಕಾಪುರದವರು ಬಂದಿದ್ರಂತ.”

“ಬಂದಿದ್ರು.”

“ನನ್ನ ಮಗಳನ್ನ ಕೇಳಿದ್ರಂತ.”

“ಕೇಳಿದ್ರು.”

“ನೀವು ಗೌಪ್ಯ ಅಂದ್ರಂತ.”

“ಅಂದೆ.”

“ಏನೈತ್ರಿ ಆಕಿದು ಗೌಪ್ಯ?”

ಕನ್ನಡಕ ಕೈಗೆ ಬಂತು. “ಐತಿ ಅಂತ ನಾ ಹೇಳೇನೇನು?”

“ಹಂಗಾರ ಇಲ್ಲ ಅಂತ ಹೇಳ್ರಿ.”

“ಅದನ್ನೂ ಹೇಳಂಗಿಲ್ಲ.”

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು, ಪಾಠ ಬಿಡಿಸಿ ಹೇಳಿದರು. “ನೋಡಪಾ ದಲಾಲಿ. ನಿನ್ನ ಮಗಳ ಬಗ್ಗೆ ಏನೂ ಇಲ್ಲ ಅಂತ ಇವತ್ತ ಹೋಗಿ ಹೇಳಿದೆ ಅಂತ ತಿಳಿ. ನಾಳೆ ಮತ್ತೊಬ್ಬರ ಮನಿದು ಕೇಳಾಕ ಬರ್ತಾರ. ನಾ ಸುಮ್ಮನ ಕುಂದರ್ತೇನಿ. ಆವಾಗ ಅವರು ಏನಂತಾರ? ಆ ಮನಿಗೆ ಇಲ್ಲ ಅಂದ ಸರ ಈ ಮನಿಗೆ ಇಲ್ಲ ಅನ್ಲಿಲ್ಲ, ಇಲ್ಲೇ ಏನೋ ಐತಿ ಅಂತಾರ. ನಿನ್ನ ಒಂದು ಮಗಳ ಸಲುವಾಗಿ ಓಣಿ ಹೆಣ್ಮಕ್ಕಳ್ನೆಲ್ಲ ನಾ ಕೆಡಸ್ಲೇನು?”

ತರ್ಕ ಸರಿಯಾಗಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. “ನೀವು ಸುಮ್ಮನ ಕುಂತಿದ್ದಕ್ಕೂ ಹೆಣ್ಮಕ್ಕಳು ಕೆಟ್ಟಾರಲ್ರಿ ಸರ.”

“ಅದು ಕೇಳಿದವರ ಕಿವಿ ತಪ್ಪು. ನನ್ನ ಬಾಯಿದಲ್ಲ.”

ಇಲ್ಲಿಗೆ ನಾನು ಎದ್ದು ಬರಬೇಕಿತ್ತು. ಏಳಲಿಲ್ಲ. ಅವರು ಇನ್ನೂ ಕನ್ನಡಕ ಒರೆಸುತ್ತಲೇ ಇದ್ದರು. ಒಂದು ಸಲ ಒರೆಸಿದರೆ ಅರ್ಥ ಬೇರೆ, ಬಿಡದೆ ಒರೆಸಿದರೆ ಅರ್ಥ ಬೇರೆ. ದನದ ಪ್ಯಾಟೆಯಲ್ಲಿ ನೀವು ನೋಡಿರುತ್ತೀರಿ, ಇಬ್ಬರು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಿಂದ ದರ ಮಾಡುತ್ತಾರೆ, ಬಾಯಿಂದ ಮಳೆ ಬೆಳೆಯ ಸುದ್ದಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ದರ ತಿಳಿಯಬಾರದು. ಸರ ಪ್ಯಾಟೆಯ ಕಡೆ ಕಾಲಿಟ್ಟವರಲ್ಲ, ದಲಾಲರನ್ನು ಕಂಡರೆ ಮೂಗು ಮುರಿಯುವವರು. ಆದರೆ ಆ ಹೊತ್ತಿನಲ್ಲಿ ಅವರ ಕಣ್ಣು ಕ್ಯಾಲೆಂಡರ್ ಬಿಟ್ಟು ಬೇರೆಲ್ಲೋ ಹೋಗಿ ನಿಂತಿತ್ತು. ನಾನು ಅದರ ಹಿಂದೆ ನೋಡಿದೆ. ನನ್ನ ಗೋಡೆ.

“ನೀರಿನ ಟ್ಯಾಂಕರ ಬಂದ್ರ ಪೈಪು ಪಡಸಾಲ್ಯಾಗ ಹಾಯಿಸಿ ಒಳಗ ಎಳೀಬೇಕು ನೋಡು” ಎಂದರು. “ಹಿತ್ತಲ ಬಾಗಲ ಐತಿ, ಹೋಗಾಕ ಹಾದಿ ಇಲ್ಲ.”

ಆ ಹಾದಿಯನ್ನು ಅವರು ಬಹಳ ವರ್ಷದಿಂದ ಕೇಳುತ್ತಿದ್ದರು, ನಾನು ಅಷ್ಟೇ ವರ್ಷದಿಂದ ಕೊಡುತ್ತಿರಲಿಲ್ಲ.

“ಮೂರು ಅಡಿ ಸಾಕೇನ್ರಿ?” ಎಂದೆ.

ಸರ ಕನ್ನಡಕ ಏರಿಸಿಕೊಂಡರು. “ಲೋಕಾಪುರಕ್ಕ ಎಷ್ಟೊತ್ತಿಗೆ ಹೊಂಟ್ರ ಛಲೋ?”

ಇಷ್ಟೇ. ಕೊಡುಕೊಳ್ಳುವ ಒಂದು ಮಾತನ್ನೂ ಬಾಯಿಂದ ಆಡಲಿಲ್ಲ. ನಾಳೆ ನಾನು ಹೋಗಿ ಸರ ಮಾತು ಮಾರಿದರು ಎಂದು ಕೂಗಿದರೆ, ಮಾರಿದೆ ಅಂತ ನಾ ಹೇಳೇನೇನು ಎಂದು ಕೇಳುತ್ತಿದ್ದರು. ಅಷ್ಟು ಚೊಕ್ಕ ಸೌದಾವನ್ನು ನಾನು ಪ್ಯಾಟೆಯಲ್ಲೂ ನೋಡಿಲ್ಲ. ಆ ಕ್ಷಣಕ್ಕೆ ನನಗೆ ಖುಷಿಯೇ ಆಯಿತು. ಎದುರಿನವನ ತತ್ವಕ್ಕೆ ಒಂದು ದರ ಇದೆ ಎಂದು ತಿಳಿದಾಗ ವ್ಯಾಪಾರಿಗೆ ಆಗುವ ಖುಷಿ. ಅದನ್ನು ನಂಬಬಾರದು.

ಅಕ್ಷತಾಗೆ ಹೇಳಲಿಲ್ಲ. ಅವಳು ಮುಧೋಳಕ್ಕೆ ಕೆಲಸಕ್ಕೆ ಹೋದ ಮೇಲೆ ಸರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಇಸ್ತ್ರಿ ಮಾಡಿದ ಧೋತರ, ಹೊಸ ವಲ್ಲಿ. ಹುಡುಗನ ಮನೆಯ ಬಾಗಿಲಲ್ಲೇ ಇಳಿಸಿ, ನಾನು ಎದುರಾಗಬಾರದು ಎಂದು ಕೂಡು ರಸ್ತೆಯ ಹೋಟೆಲಿನಲ್ಲಿ ಹೋಗಿ ಕೂತೆ. ನನ್ನ ಜಾಣತನ ಅಷ್ಟು. ಮುಖ ಮುಚ್ಚಿಕೊಂಡೆ, ಗಾಡಿಯ ನಂಬರ ತೋರಿಸಿ ಬಂದೆ.

ಸರ ಹೊರಗೆ ಬರುವಷ್ಟರಲ್ಲಿ ನಾನು ಚಹಾದ ಮೇಲೆ ಚಹಾ ಕುಡಿದು ನಾಲಿಗೆ ಸುಟ್ಟುಕೊಂಡಿದ್ದೆ. ಕಾರು ಹತ್ತಿದವರ ಮುಖ ಬೆಳಗುತ್ತಿತ್ತು. ಇಷ್ಟು ವರ್ಷ ಬಾಯಿ ಕಟ್ಟಿಕೊಂಡ ಮನುಷ್ಯ ದಾರಿಯುದ್ದಕ್ಕೂ ಮಾತಾಡಿದ. ಅಕ್ಷತಾಳ ಗುಣ, ವಿನಯ, ಅಕ್ಷರ, ಅಭ್ಯಾಸ, ಸಾವಿರಕ್ಕೊಬ್ಬಳು, ಇಂಥ ಸೊಸೆ ಬರಲು ಪುಣ್ಯ ಮಾಡಿರಬೇಕು, ನಡುನಡುವೆ ಸಂಸ್ಕೃತ ಶ್ಲೋಕ ಬೇರೆ. ಎಲ್ಲವನ್ನೂ ಅಲ್ಲಿ ಹೇಳಿದೆ ಎಂದರು.

“ಹೊಗಳೂದು ಇಷ್ಟು ಸಸಾರ ಅಂತ ಗೊತ್ತಿದ್ದಿಲ್ಲ ನೋಡಪಾ” ಎಂದರು.

“ಅವರು ಏನಂದ್ರು ಸರ?”

“ಏನಂತಾರ? ಕೇಳಿದ್ರು. ಅವಲಕ್ಕಿ ಕೊಟ್ರು.”

ಗೋಡೆ ಒಡೆಸಿ ಮೂರು ಅಡಿ ಹಿಂದಕ್ಕೆ ಸರಿಸುವ ಕೆಲಸ ಆ ವಾರವೇ ಆಯಿತು. ಲೋಕಾಪುರದ ಫೋನೂ ಆ ವಾರವೇ ಬಂತು. “ಜಾತಕ ಕೂಡ್ಲಿಲ್ರಿ.” ಜಾತಕ ನಾವು ನೋಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದ ಜನ.

ಹುಡುಗನ ಕಾಕಾ ನನಗೆ ಮಹಾಲಿಂಗಪುರದ ಬೆಲ್ಲದ ಪ್ಯಾಟೆಯಲ್ಲಿ ಸಿಕ್ಕ. ಆಗ ಹುಡುಗನ ಮದುವೆ ಬೇರೆ ಕಡೆ ನಿಶ್ಚಯವಾಗಿ ಹೋಗಿತ್ತು. ನಾನು ಜಗಳ ತೆಗೆಯಲಿಲ್ಲ. ಮುರಿದ ಸೌದಾದಲ್ಲೂ ಯಾಕೆ ಮುರಿಯಿತು ಎಂದು ಕೇಳಿಕೊಳ್ಳುವುದು ನನ್ನ ರೂಢಿ, ಮುಂದಿನದಕ್ಕೆ ಉಪಯೋಗ ಬೀಳುತ್ತದೆ. ಚಹಾ ಹೇಳಿ ಕೂರಿಸಿದೆ.

“ಖರೆ ಹೇಳ್ರಿ ಕಾಕಾ. ಸರ ಗೌಪ್ಯ ಅಂದದ್ದಕ್ಕ ಬಿಟ್ರೇನು?”

ಅವನು ಚಹಾದ ಕಪ್ಪು ಕೆಳಗಿಟ್ಟ. “ಇಲ್ರೀ ಸಾವಕಾರ್ರ. ಅದಕ್ಕ ನಾವು ಅಂಜಿದ್ದು ಖರೆ. ಆದ್ರ ನಮ್ಮ ಹುಡುಗ ಬಿಡ್ಲಿಲ್ಲ. ಊಟ ಬಿಟ್ಟ, ಅಂಗಡಿ ತೆಗೀಲಿಲ್ಲ. ಅವರವ್ವನೂ ಮೆತ್ತಗಾಗಿದ್ಲು. ಮುದುಕರ ಮಾತು, ಎಲ್ಲಾರ ಬಗ್ಗೆ ಹಂಗ ಅಂತಾರಂತ ಬಿಡು ಅಂದ್ಲು. ಮುಂದಿನ ಸೋಮಾರ ದಿನ ಹಿಡ್ಯಾಕ ನಾನ ಬರಾಂವ ಇದ್ದೆ.”

“ಮತ್ತ?”

“ಮತ್ತ ನಿಮ್ಮ ಸರ ಬಂದ್ರಲ್ರಿ.”

ಅವನು ನನ್ನ ಕಡೆ ಸರಿದು ಕೂತ.

“ಜನ್ಮದಾಗ ಯಾರ ಬಗ್ಗೂ ಬಾಯಿ ಬಿಡದಾಂವ, ಕರೀದ ಬಂದು, ಒಂದು ತಾಸು ಹೊಗಳಿದ. ಅದೂ ನಿಮ್ಮ ಗಾಡ್ಯಾಗ ಬಂದು. ನೀವು ದಲಾಲಿ ಮಾಡಿದವರು, ನೀವ ಹೇಳ್ರಿ. ಎತ್ತಿನ ಬಗ್ಗೆ ಒಬ್ಬಾಂವ ಅಷ್ಟು ಹೊಗಳಾಕ ಸುರು ಮಾಡಿದ್ರ ನೀವು ಆ ಎತ್ತು ಹೊಡಕೊಂಡು ಹೋಗ್ತಿದ್ರೇನು?”

“ಇಲ್ಲ” ಎಂದೆ.

“ನಮ್ಮ ಮನಿ ಹೆಣ್ಮಕ್ಕಳೂ ಅದ ಅಂದ್ರು. ಇಂಥಾ ಮನುಷ್ಯಾನ ಬಾಯಿ ಬಿಡಿಸಿ ಕಳಸ್ಯಾರಂದ್ರ ಒಳಗ ಭಾರೀದ ಏನೋ ಇರಬೇಕು ಅಂದ್ರು. ಹುಡುಗನೂ ಆವತ್ತ ಸುಮ್ಮನಾದ.”

ಅಕ್ಷತಾಗೆ ನಾನೇ ಹೇಳಿದೆ. ಬೇರೆ ಕಡೆಯಿಂದ ತಿಳಿಯುವುದಕ್ಕಿಂತ ಮನೆಯಲ್ಲೇ ತಿಳಿಯಲಿ ಎಂದು. ಅವಳು ಅಳಲಿಲ್ಲ. “ಸುಮ್ಮನಿರು ಅಂದಿದ್ದೆ” ಎಂದಳು, ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಕಟ್ಟೆಗೆ ಹೋದಳು. ನಾನು ನಮ್ಮ ಅಂಗಳದಲ್ಲೇ ನಿಂತು ಕೇಳಿದೆ.

“ಸರ, ಒಂದು ಕೇಳ್ತೇನಿ, ಹೇಳ್ರಿ. ನನ್ನ ಬಗ್ಗೆ ನಿಮಗ ಏನು ಗೊತ್ತಿತ್ತು?”

ಕನ್ನಡಕ ಒರೆಸಿದರೋ ಇಲ್ಲವೋ, ನನಗೆ ಕಾಣಲಿಲ್ಲ. ದನಿ ಮಾತ್ರ ಕೇಳಿಸಿತು, ನಿರಾಳವಾದ ದನಿ. “ಏನೂ ಇಲ್ಲವಾ. ನಮ್ಮ ಸಾಲ್ಯಾಗ ಕಲಿತಾಕಿ ಅನ್ನೂದಷ್ಟ. ಯಾವ ಬೆಂಚಿಗೆ ಕೂಡ್ತಿದ್ದಿ ಅನ್ನೂದೂ ನೆನಪಿಲ್ಲ.”

“ಅಷ್ಟ ಹೇಳಿದ್ರ ಸಾಕಾಗಿತ್ತಲ್ರಿ ಅವರಿಗೆ.”

“ಗೊತ್ತಿಲ್ಲ ಅಂತ ಹೇಳೂದು ಹೆಂಗವಾ? ಮಂದಿ ನಂಬಿ ಕೇಳಾಕ ಬಂದಿರ್ತಾರ.”

ಇದೇ ನೋಡಿ. ಓಣಿ ಇಷ್ಟು ವರ್ಷ ಕೈಮುಗಿದ ಗೌಪ್ಯದ ಮೂಲ ಇದೇ. ದನ ಕಾಯುವವನಿಂದ ಹೊರಟ ಶಬ್ದ ನಮ್ಮ ಓಣಿಗೆ ಬಂದು ಮುಟ್ಟುವಷ್ಟರಲ್ಲಿ, ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಚುವವನ ಮಾತಾಗಿತ್ತು. ಅವರು ಯಾರ ಮಾನವನ್ನೂ ಕಾಯಲಿಲ್ಲ. ತಮ್ಮ ಮಾಸ್ತರಿಕೆ ಕಾಯ್ದುಕೊಂಡರು. ಅದಕ್ಕೆ ಮೇವಾಗಿ ಮಂದಿಯ ಹೆಣ್ಣುಮಕ್ಕಳನ್ನು ಹಾಕಿದರು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರಿಗೆ ನನ್ನದು ಒಂದೇ ಮಾತು: ಬದುಕಿದ್ದಾಗ ಎದುರಿಗೆ ಇದನ್ನೇ ಹೇಳಿದ್ದೇನೆ. “ಅದು ನಿನ್ನ ಅಭಿಪ್ರಾಯ” ಎಂದು ಚಹಾ ಊದಿದರು. ಮುಂದಿನ ವಾರವೇ ಮತ್ತೊಂದು ಮನೆಯ ಹುಡುಗಿಯನ್ನು ವಿಚಾರಿಸಲು ಬೀಳಗಿಯಿಂದ ಜನ ಬಂದರು. ಸರ ಕಟ್ಟೆಯ ಮೇಲೆಯೇ ಇದ್ದರು.

ಅಕ್ಷತಾ ಈಗ ಮುಧೋಳದಲ್ಲೇ ಒಂದು ಖೋಲಿ ಮಾಡಿಕೊಂಡಿದ್ದಾಳೆ. ಹಬ್ಬಕ್ಕೆ ಬರುತ್ತಾಳೆ, ಅವ್ವನ ಜೊತೆ ರೊಟ್ಟಿ ಬಡಿಯುತ್ತಾಳೆ, ನನಗೆ ಮಾತ್ರ ಏನನ್ನೂ ಹೇಳುವುದಿಲ್ಲ. ಸಂಬಂಧ ನೋಡಲೇನು ಎಂದರೆ, “ನೀ ಏನೂ ಮಾಡಬ್ಯಾಡ” ಎನ್ನುತ್ತಾಳೆ. ಯಾರನ್ನಾದರೂ ನೋಡಿಕೊಂಡಿದ್ದಾಳೋ, ಮದುವೆಯೇ ಬೇಡ ಎಂದಿದ್ದಾಳೋ, ನನಗೆ ತಿಳಿಯದು. ಬೀಗರಾಗಬೇಕೆಂದು ಬರುವವರು ಅಂಗಳಕ್ಕೆ ಬಂದು ಕೇಳುತ್ತಾರೆ: “ಸಾವಕಾರ್ರ, ಮಗಳದು ಏನ್ ವಿಚಾರ?” ನಾನು “ನನಗ ಗೊತ್ತಿಲ್ರಿ” ಎನ್ನುತ್ತೇನೆ. ಖರೆ ಮಾತು. ಅವರು ಒಬ್ಬರನ್ನೊಬ್ಬರು ನೋಡಿ, “ಇರ್ಲಿ ಬಿಡ್ರಿ, ಹೇಳೂದು ಬ್ಯಾಡ” ಎಂದು ಎದ್ದು ಹೋಗುತ್ತಾರೆ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಅರ್ಥ ಮಾಡಿಕೊಳ್ಳುವ ಒಬ್ಬನೇ ಒಬ್ಬ ಇನ್ನೂ ಬಂದಿಲ್ಲ.

ಅದಕ್ಕೆ, ಓದುತ್ತಿರುವವರಿಗೆ ನನ್ನ ಕೈಲಾದ ಸಲಹೆ. ನೀವು ಗಂಡಿನ ಕಡೆಯವರಾಗಿ ವಿಚಾರಿಸಲು ಹೋದರೆ, ಓಣಿಯಲ್ಲಿ ಎಲ್ಲರೂ ಕೈಮುಗಿಯುವ ಮನುಷ್ಯನನ್ನು ಕೇಳಬೇಡಿ. ಆ ಮನೆಯ ಜೊತೆ ನೀರಿಗೋ ಕಸಕ್ಕೋ ಜಗಳಾಡಿದವರನ್ನು ಹುಡುಕಿ. ಅವರು ಬಾಯಿತುಂಬ ಬೈಯುತ್ತಾರೆ, ಮುಚ್ಚಿಡುವುದಿಲ್ಲ. ಆ ಬೈಗುಳವನ್ನು ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಮನೆಗೆ ತನ್ನಿ. ಯಾರಾದರೂ ಗೌಪ್ಯ ಎಂದರೆ ಅಲ್ಲಿಂದ ಏಳಬೇಡಿ. “ವಿಷಯ ಹೇಳಬ್ಯಾಡ್ರಿ, ನಿಮಗ ಗೊತ್ತೈತೋ ಇಲ್ಲೋ ಅಷ್ಟ ಹೇಳ್ರಿ” ಎಂದು ಕೇಳಿ. ಅಷ್ಟಕ್ಕೂ ಉತ್ತರ ಬರದಿದ್ದರೆ ಒಳಗೆ ಏನೂ ಇಲ್ಲವೆಂದು ತಿಳಿದು ಸಂಬಂಧ ಕೂಡಿಸಿ.

ನೀವು ಹೆಣ್ಣಿನ ತಂದೆಯಾಗಿದ್ದರೆ ಸಲಹೆ ಇನ್ನೂ ಚಿಕ್ಕದು. ನಿಮ್ಮ ಮಗಳ ಬಗ್ಗೆ ಒಂದು ಒಳ್ಳೆಯ ಮಾತನ್ನು ಎಂದೂ ಕೊಳ್ಳಬೇಡಿ, ಪುಕ್ಕಟೆ ಸಿಕ್ಕರೂ ನಿಮ್ಮ ಗಾಡಿಯಲ್ಲಿ ಹೇರಿಕೊಂಡು ಹೋಗಬೇಡಿ. ಅವಳು ಎರಡು ವಾರ ಸುಮ್ಮನಿರು ಎಂದರೆ ಎರಡು ವಾರ ಸುಮ್ಮನಿರಿ. ಕೈ ಸುಮ್ಮನಿರದಿದ್ದರೆ ಅಂಗಡಿಗೆ ಹೋಗಿ ಬೇರೆ ಏನನ್ನಾದರೂ ಮಾರಿ.